ಅರಿವಳಿಕೆಯಲ್ಲಿ ರೋಗಿಯ ಭಂಗಿ ಮತ್ತು ಕುತ್ತಿಗೆಯ ಅಭಿಧಮನಿಯ ಗಾತ್ರ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಪುತ್ತೂರು, ಸುಳ್ಯ, ಕಡಬ ಮೂರೂ ಅಡಿಕೆ ಬೆಳೆಯುವ ತಾಲೂಕುಗಳು. ಮಳೆಗಾಲದಲ್ಲಿ ಮದ್ದು ಬಿಡಲು, ಬಳಿಕ ಕೊನೆ ತೆಗೆಯಲು ಮರವೇರಿದವರು ಜಾರಿ ಬಿದ್ದು ಆಸ್ಪತ್ರೆ ಸೇರುವುದುಂಟು. ಮಾಣಿ–ಮೈಸೂರು ಹೆದ್ದಾರಿಯ ಅಪಘಾತಗಳ ಗಾಯಾಳುಗಳೂ ಬರುತ್ತಾರೆ. 2002ರಲ್ಲಿ ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಅರಿವಳಿಕೆಯ ಬೋಧನೆಯೂ ಈ ನೆಲಕ್ಕೆ ಬಂದಿದೆ. ತೀವ್ರ ರಕ್ತಸ್ರಾವದ ರೋಗಿಗೆ ಶಸ್ತ್ರಚಿಕಿತ್ಸೆಯ ವೇಳೆ ಕುತ್ತಿಗೆಯ ಒಳ ಜುಗುಲಾರ್ ಅಭಿಧಮನಿಯಲ್ಲಿ ಸೆಂಟ್ರಲ್ ಲೈನ್ ಹಾಕಬೇಕಾಗಬಹುದು. ಆ ಅಭಿಧಮನಿ ಎಷ್ಟು ಹಿಗ್ಗಿದೆ ಎಂಬುದು ಮಲಗಿಸಿದ ಭಂಗಿಯನ್ನೂ ಅವಲಂಬಿಸಿದೆ. ಭಂಗಿಯನ್ನು ಔಷಧದ ಪ್ರಮಾಣದಂತೆ ರೋಗಿಗೆ ತಕ್ಕಂತೆ ನಿರ್ಧರಿಸಬೇಕೆಂಬುದು ಈ ಲೇಖನದ ವಾದ.

ತಲೆ ತಗ್ಗಿಸಿದಾಗ

ಅಭಿಧಮನಿಯ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಹೃದಯದಿಂದ ಕುತ್ತಿಗೆ 20 ಸೆಂ.ಮೀ. ದೂರದಲ್ಲಿದ್ದು, ಮೇಜನ್ನು 15 ಡಿಗ್ರಿ ಓರೆಯಾಗಿಸಿ ತಲೆಯನ್ನು ತಗ್ಗಿಸಿದರೆ ಕುತ್ತಿಗೆ ಸುಮಾರು 5 ಸೆಂ.ಮೀ. ಕೆಳಗಿಳಿಯುತ್ತದೆ. ಅಷ್ಟು ಎತ್ತರದ ರಕ್ತದ ಒತ್ತಡ ಸುಮಾರು 4 ಮಿ.ಮೀ. ಪಾದರಸ. ಅಪಧಮನಿಗೆ ಇದು ನಗಣ್ಯ. ಅಭಿಧಮನಿಯನ್ನು ಹಿಗ್ಗಿಸಲು ಸಾಕು. ವ್ಯಾಸ 10 ಮಿ.ಮೀ.ನಿಂದ 12ಕ್ಕೆ ಏರಿದರೆ ಅಡ್ಡಕೊಯ್ತದ ವಿಸ್ತೀರ್ಣ ಶೇ. 44ರಷ್ಟು ಹೆಚ್ಚುತ್ತದೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ಹೆಸರಿನ ಈ ಭಂಗಿ, ಸೂಜಿಯ ಮೂಲಕ ಗಾಳಿ ರಕ್ತನಾಳ ಸೇರುವ ಅಪಾಯವನ್ನೂ ತಗ್ಗಿಸುತ್ತದೆ. ತಲೆ ಎತ್ತರಿಸಿದಾಗ ಇದಕ್ಕೆ ವಿರುದ್ಧವಾಗಿ ಅಭಿಧಮನಿ ಕುಗ್ಗುತ್ತದೆ.

ತಲೆ ತಿರುಗಿಸುವುದು, ಉಸಿರಾಟ

ತಲೆಯನ್ನು ಎದುರು ಬದಿಗೆ ಹೆಚ್ಚು ತಿರುಗಿಸಿದಷ್ಟೂ ಅಭಿಧಮನಿ ಕೆರೋಟಿಡ್ ಅಪಧಮನಿಯ ಮೇಲೆ ಸರಿಯುತ್ತದೆ. ಸೂಜಿ ಅಪಧಮನಿಗೆ ತಾಗುವ ಸಂಭವ ಬೆಳೆಯುತ್ತದೆ. ಆದ್ದರಿಂದ ಅಲ್ಪ ತಿರುವೇ ಲೇಸು. ಸಹಜ ಉಸಿರಾಟದಲ್ಲಿ ಉಸಿರೆಳೆದುಕೊಂಡಾಗ ಅಭಿಧಮನಿ ಕುಗ್ಗಿದರೆ, ವೆಂಟಿಲೇಟರ್ ಗಾಳಿ ತುಂಬಿದಾಗ ಎದೆಯೊಳಗಿನ ಒತ್ತಡ ಏರಿ ಹಿಗ್ಗುತ್ತದೆ. ಹಾಗಾಗಿ ಅರಿವಳಿಕೆಗೆ ಮೊದಲಿನ ಅಳತೆಯನ್ನೂ ನಂತರದ್ದನ್ನೂ ನೇರವಾಗಿ ಹೋಲಿಸಲಾಗದು. ಅಲ್ಟ್ರಾಸೌಂಡ್ ಪ್ರೋಬನ್ನು ಒತ್ತಿ ಹಿಡಿದರೂ ಅಭಿಧಮನಿ ಚಪ್ಪಟೆಯಾಗಿ ಅಳತೆ ತಪ್ಪುತ್ತದೆ.

ಮರದಿಂದ ಬಿದ್ದ ರೋಗಿ

ನಮ್ಮ ತಾಲೂಕುಗಳ ನಿಜವಾದ ತೊಡಕು ಇಲ್ಲಿದೆ. ರಕ್ತ ನಷ್ಟದಿಂದ ಈತನ ಅಭಿಧಮನಿ ಮೊದಲೇ ಕುಗ್ಗಿರುತ್ತದೆ. ಭಂಗಿಯ ನೆರವು ಈತನಿಗೇ ಹೆಚ್ಚು ಬೇಕು. ಆದರೆ ತಲೆಗೆ ಪೆಟ್ಟಾಗಿದ್ದರೆ ತಲೆ ತಗ್ಗಿಸುವುದರಿಂದ ಮೆದುಳಿನ ಒತ್ತಡ ಏರುತ್ತದೆ. ಕತ್ತಿನ ಬೆನ್ನೆಲುಬು ಮುರಿದಿರುವ ಶಂಕೆಯಿದ್ದರೆ ತಲೆ ತಿರುಗಿಸುವಂತೆಯೇ ಇಲ್ಲ. ಇಂಥವರಿಗೆ ತಲೆ ನೇರವಾಗಿರಿಸಿ, ದ್ರವ ಮತ್ತು ರಕ್ತ ನೀಡುತ್ತ, ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಸೂಜಿ ಹಾಕಬೇಕು. ಸೊಂಟದ ಮೂಳೆ ಮತ್ತು ಹೊಟ್ಟೆಗೆ ಗಾಯವಿಲ್ಲದಿದ್ದರೆ ತೊಡೆಯ ಅಭಿಧಮನಿಯನ್ನು ಆರಿಸಿಕೊಳ್ಳಬಹುದು.

ತೀರ್ಮಾನ

ತಲೆಗೆ, ಕತ್ತಿಗೆ ಪೆಟ್ಟಿಲ್ಲದ ರೋಗಿಗೆ 10ರಿಂದ 15 ಡಿಗ್ರಿ ಓರೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಉಸಿರಾಟಕ್ಕೂ ದುರ್ಬಲ ಹೃದಯಕ್ಕೂ ಹೊರೆ. ಮೇಜಿನ ಓರೆ, ತಲೆಯ ತಿರುವು, ಉಸಿರಾಟದ ಬಗೆ ಈ ಮೂರನ್ನೂ ಅಭಿಧಮನಿಯ ಅಳತೆಯೊಡನೆ ಅರಿವಳಿಕೆ ದಾಖಲೆಯಲ್ಲಿ ಬರೆದಿಡುವ ರೂಢಿಯನ್ನು ಮೂರೂ ತಾಲೂಕುಗಳ ವೈದ್ಯರು ಬೆಳೆಸಬೇಕು. ಇದಕ್ಕೆ ಹೊಸ ಖರ್ಚೇನೂ ಇಲ್ಲ. ನಮ್ಮ ರೋಗಿಗಳಿಗೆ ಒಪ್ಪುವ ಮಾರ್ಗಸೂಚಿ ಇಂಥ ದಾಖಲೆಗಳಿಂದಲೇ ರೂಪುಗೊಳ್ಳಬೇಕು.