ತಂತಿಯ ಕೊನೆಯ ಅಂಗುಲ

ನಮ್ಮ ಹಿರಿಯರ ಬಾಯಲ್ಲಿ ‘ತಂತಿ’ ಎಂದರೆ ಟೆಲಿಗ್ರಾಂ. ‘ವೈರ್‌ಲೆಸ್’ ಎಂದರೆ ಹಡಗಿನವರೂ ಪೊಲೀಸಿನವರೂ ಬಳಸುತ್ತಿದ್ದ ರೇಡಿಯೋ ಯಂತ್ರ. ತಂತಿ ಬಂತೆಂದರೆ ಎದೆ ಡವಗುಟ್ಟುತ್ತಿದ್ದ ಆ ಕಾಲ ಕಳೆದು, 2013ರ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿ ಸೇವೆಯೇ ನಿಂತುಹೋಯಿತು. ಇತ್ತ ‘ವೈರ್‌ಲೆಸ್’ ಎಂಬ ಮಾತು ಹೊಸ ಅರ್ಥ ಹೊತ್ತು ನಡುಮನೆಗೇ ಬಂದು ಕುಳಿತಿದೆ. ಅಂಗೈಯಗಲದ ಒಂದು ತಟ್ಟೆ. ಅದರ ಮೇಲೆ ಮೊಬೈಲ್ ಫೋನನ್ನು ಇಟ್ಟರೆ ಸಾಕು, ಯಾವ ಪಿನ್ನನ್ನೂ ಚುಚ್ಚದೆ ಅದರ ಬ್ಯಾಟರಿ ತುಂಬತೊಡಗುತ್ತದೆ. ನೋಡಿದವರಿಗೆ ಇದು ನಿನ್ನೆ ಮೊನ್ನೆಯ ಇಂದ್ರಜಾಲದಂತೆ ತೋರುವುದು ಸಹಜ. ಆದರೆ ಇದರ ವಂಶಾವಳಿಯನ್ನು ಕೆದಕಹೊರಟರೆ ನಾವು ಸರಿಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಆ ದಾರಿಯಲ್ಲಿ ಒಂದು ಭಾರಿ ಕನಸೂ, ಅದರ ಭಂಗವೂ, ಕೊನೆಗೆ ಅಂಗುಲದಷ್ಟೇ ಆದ ಒಂದು ಗೆಲುವೂ ಎದುರಾಗುತ್ತವೆ. ಆ ಕಥೆ ತಿಳಿದರೆ ಈ ತಟ್ಟೆಗೆ ಎಷ್ಟು ಮರ್ಯಾದೆ ಸಲ್ಲಬೇಕು, ಎಷ್ಟು ಸಲ್ಲಬೇಕಾಗಿಲ್ಲ ಎಂಬುದನ್ನು ತೀರ್ಮಾನಿಸುವುದು ಸುಲಭವಾದೀತೆಂದು ನನ್ನ ನಂಬಿಕೆ.

1831ನೆಯ ಇಸವಿ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಒಂದು ಪ್ರಯೋಗ ನಡೆಸಿದನು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿಯುತ್ತ ವಿಜ್ಞಾನವನ್ನು ಓದಿಕೊಂಡವನು ಅವನು. ಒಂದು ಕಬ್ಬಿಣದ ಬಳೆಯ ಎರಡು ಮಗ್ಗುಲಿಗೂ ಅವನು ತಾಮ್ರದ ತಂತಿಯನ್ನು ಸುತ್ತಿದನು. ಒಂದು ಸುರುಳಿ ಇನ್ನೊಂದನ್ನು ಮುಟ್ಟದಂತೆ ಬಟ್ಟೆ, ದಾರಗಳನ್ನು ನಡುವೆ ಸೇರಿಸಿದ್ದನು. ಒಂದು ಸುರುಳಿಗೆ ಬ್ಯಾಟರಿ ಕೂಡಿಸಿದ ಗಳಿಗೆಯಲ್ಲಿ, ಇನ್ನೊಂದು ಸುರುಳಿಗೆ ಸೇರಿದ್ದ ತಂತಿಯ ಬಳಿ ಅಯಸ್ಕಾಂತದ ಸೂಜಿ ಅಲುಗಿತು. ಬ್ಯಾಟರಿ ಬಿಡಿಸಿದಾಗ ಮತ್ತೆ ಅಲುಗಿತು. ನಡುವಿನ ಕಾಲದಲ್ಲಿ ಸುಮ್ಮನೆ ನಿಂತಿತ್ತು. ಅಂದರೆ, ಸ್ಥಿರವಾದ ಅಯಸ್ಕಾಂತ ಬಲದಿಂದ ಏನೂ ಆಗದು. ಅದು ಏರಬೇಕು, ಇಳಿಯಬೇಕು. ಆಗ ಮುಟ್ಟದೆಯೇ ಪಕ್ಕದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದೇ ವಿದ್ಯುತ್ ಪ್ರೇರಣೆ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು, ಅಡುಗೆಮನೆಯ ಇಂಡಕ್ಷನ್ ಒಲೆ, ಈ ಚಾರ್ಜಿನ ತಟ್ಟೆ ಮೂರೂ ಆ ಬಳೆಯ ಮೊಮ್ಮಕ್ಕಳೇ. ತಟ್ಟೆಯೊಳಗೆ ಒಂದು ಸುರುಳಿ, ಫೋನಿನ ಬೆನ್ನಿನಲ್ಲಿ ಮತ್ತೊಂದು. ಕಬ್ಬಿಣದ ಬಳೆಯ ಬದಲು ನಡುವೆ ಇಷ್ಟು ಗಾಜು, ಇಷ್ಟು ಗಾಳಿ. ತಟ್ಟೆಯ ಸುರುಳಿಯಲ್ಲಿ ವಿದ್ಯುತ್ತು ಒಂದು ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಅತ್ತಿಂದಿತ್ತ ಓಲಾಡುತ್ತದೆ.

ಫ್ಯಾರಡೆಯ ಸೂಜಿ ಅಲುಗಿದ ಅರುವತ್ತು ವರ್ಷಗಳ ಮೇಲೆ, 1891ರ ಮೇ ತಿಂಗಳಿನಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಎಂಜಿನಿಯರುಗಳ ಸಭೆಯೊಂದು ಬೆರಗಾಗಿ ಕುಳಿತಿತ್ತು. ಈಗ ಕ್ರೊಯೇಷಿಯಾಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ್ದ ನಿಕೊಲಾ ಟೆಸ್ಲಾ, ಎರಡು ಲೋಹದ ಹಾಳೆಗಳ ನಡುವೆ ನಿಂತು ಗಾಜಿನ ಕೊಳವೆಗಳನ್ನು ಹಿಡಿದಿದ್ದನು. ಅವುಗಳಿಗೆ ಯಾವ ತಂತಿಯೂ ಇರಲಿಲ್ಲ. ಆದರೂ ಅವು ಬೆಳಗುತ್ತಿದ್ದುವು. ಕೋಣೆಯ ಒಳಗೆ ಆದದ್ದು ಭೂಮಂಡಲದಲ್ಲಿಯೂ ಏಕಾಗಬಾರದು ಎಂಬುದು ಅಲ್ಲಿಂದಾಚೆಗೆ ಅವನ ಹಂಬಲವಾಯಿತು. 1899ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಎಂಬಲ್ಲಿ ಕೃತಕ ಮಿಂಚನ್ನು ಸಿಡಿಸಿ ಪ್ರಯೋಗ ಮಾಡಿದನು. 1901ರಲ್ಲಿ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್‌ನಲ್ಲಿ ಗೋಪುರ ಕಟ್ಟಿಸತೊಡಗಿದನು. ಅದರ ಎತ್ತರ 187 ಅಡಿ. ನೆತ್ತಿಯ ಮೇಲೆ ಅಣಬೆಯ ಟೋಪಿಯಂಥ ಗುಮ್ಮಟ. ಹಣ ಕೊಟ್ಟವನು ಧನಿಕ ಜೆ. ಪಿ. ಮಾರ್ಗನ್, ಕೊಟ್ಟದ್ದು ಒಂದೂವರೆ ಲಕ್ಷ ಡಾಲರು.

ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿ ಇಷ್ಟು ದೊಡ್ಡ ಗೋಪುರದ ಹಂಗಿಲ್ಲದೆ ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತ ಕಳುಹಿಸಿದ ಸುದ್ದಿ ಬಂತು. ಟೆಸ್ಲಾ ಇನ್ನಷ್ಟು ಹಣ ಬೇಡಿದನು, ಬರಿಯ ಸುದ್ದಿಯಲ್ಲ, ಶಕ್ತಿಯನ್ನೇ ಕಳುಹಿಸುತ್ತೇನೆಂದನು, ಮಾರ್ಗನ್ ಕೈಚೆಲ್ಲಿದನು. ಗೋಪುರ ಎಂದೂ ಪೂರ್ಣವಾಗಿ ಕೆಲಸ ಮಾಡಲಿಲ್ಲ. 1917ರಲ್ಲಿ ಅದನ್ನು ಕೆಡವಿದರು. 1943ರ ಜನವರಿಯಲ್ಲಿ ಟೆಸ್ಲಾ ನ್ಯೂಯಾರ್ಕಿನ ಹೋಟೆಲೊಂದರ ಕೋಣೆಯಲ್ಲಿ ಒಂಟಿಯಾಗಿ ತೀರಿಕೊಂಡನು.

ಆ ಗೋಪುರ ಏಳುತ್ತಿದ್ದ ದಿನಗಳಲ್ಲಿಯೇ ನಮ್ಮ ಮೈಸೂರು ಸೀಮೆಯಲ್ಲಿ ಬೇರೊಂದು ಸಾಹಸ ನಡೆದಿತ್ತೆಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯಲಾರೆ. ಕಾವೇರಿ ಧುಮುಕುವ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ, ಸುಮಾರು 92 ಮೈಲಿಗಳ ದೂರಕ್ಕೆ, ಕಂಬ ನೆಟ್ಟು ತಂತಿ ಎಳೆದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಕೆಲಸ ಅದು. ಅಯ್ಯರ್ ಅವರು 1901ರಲ್ಲಿ ತೀರಿಹೋದರು. 1902ರ ಜೂನ್ ತಿಂಗಳಲ್ಲಿ ವಿದ್ಯುತ್ತು ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಲ್ಲಿ ಹರಿದದ್ದು ಪರ್ಯಾಯ ಪ್ರವಾಹ. ಆ ಪ್ರವಾಹವನ್ನು ಕೈಗಾರಿಕೆಗೆ ಒಗ್ಗಿಸಿದವರಲ್ಲಿ ಟೆಸ್ಲಾ ಅಗ್ರಗಣ್ಯ. ಹೀಗೆ ಅವನ ಒಂದು ವಿದ್ಯೆ ತಂತಿಯ ಮೇಲೇರಿ ನಮ್ಮೂರಿಗೆ ಬಂದು ಗೆದ್ದಿತು. ತಂತಿಯನ್ನು ಬಿಟ್ಟು ಹಾರಹೊರಟ ಇನ್ನೊಂದು ಲಾಂಗ್ ಐಲೆಂಡಿನಲ್ಲಿಯೇ ಕುಸಿಯಿತು.

ಸುದ್ದಿ ತಂತಿಯಿಲ್ಲದೆ ಸಾಗರ ದಾಟಿತು. ಶಕ್ತಿ ಏಕೆ ದಾಟಲಿಲ್ಲ? ಈ ಪ್ರಶ್ನೆಗೆ ಉತ್ತರ ನಮ್ಮ ರೈತರಿಗೆ ಗೊತ್ತು. ಬೆಟ್ಟದ ಮೇಲೆ ನಿಂತು ಕೂಗಿದ ಕೂಗು ಹತ್ತು ದಿಕ್ಕಿಗೂ ಚೆದರಿ, ಅದರ ಕೋಟಿಯಲ್ಲಿ ಒಂದು ಪಾಲು ಕಿವಿಗೆ ಬಿದ್ದರೂ ಮಾತು ತಿಳಿಯುತ್ತದೆ. ಆದರೆ ಕೆರೆಯ ತೂಬನ್ನು ತೆಗೆದು, ನಾಲೆಯಿಲ್ಲದೆ ನೀರನ್ನು ಹರಿಯಬಿಟ್ಟು, ಕೋಟಿಯಲ್ಲಿ ಒಂದು ಪಾಲು ಗದ್ದೆಗೆ ಬಂದರೆ ಪೈರು ಉಳಿದೀತೆ? ಸುದ್ದಿಗೆ ಪಿಸುಮಾತು ಸಾಕು. ಶಕ್ತಿಗೆ ಹೊರಟದ್ದೆಲ್ಲ ಬಂದು ಮುಟ್ಟಬೇಕು. ತಂತಿಯೆಂಬುದು ವಿದ್ಯುತ್ತಿನ ನಾಲೆ. ಸುರುಳಿಯಿಂದ ಹೊರಟ ಅಯಸ್ಕಾಂತ ಬಲವಾದರೋ ದೂರ ಸರಿದಂತೆ ಬಹು ಬೇಗ ಸೊರಗುತ್ತದೆ. ಸುರುಳಿಯ ಅಗಲಕ್ಕಿಂತ ಸಾಕಷ್ಟು ಆಚೆಗೆ ಹೋದ ಮೇಲೆ, ದೂರ ಇಮ್ಮಡಿಯಾದರೆ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ಮಾರ್ಗನ್ನನ ಜಿಪುಣತನದಿಂದ ಆದದ್ದಲ್ಲ. ಪ್ರಕೃತಿಯೇ ಹಾಕಿದ ಸುಂಕ.

ಆದುದರಿಂದ ದೊಡ್ಡ ಕನಸು ಮುರಿದ ಮೇಲೆ ಈ ವಿದ್ಯೆ ಸಣ್ಣ ಸಣ್ಣ ಎಡೆಗಳಲ್ಲಿ ಬದುಕಿತು. ಬಚ್ಚಲಿನಲ್ಲಿಡುವ ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷಿಗೆ ಬಾಯಿ ತೆರೆದ ಲೋಹದ ಪಿನ್ನು ಇದ್ದರೆ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಆದ್ದರಿಂದ ಅದನ್ನು ಪೂರ್ತಿ ಮುಚ್ಚಿ, ಬುಡದ ಪೀಠದಿಂದ ಪ್ರೇರಣೆಯ ಮೂಲಕವೇ ಚಾರ್ಜ್ ಮಾಡುವ ಪದ್ಧತಿ ಬಂತು. ಇದಕ್ಕಿಂತ ಮಿಗಿಲಾದ ಉಪಕಾರ ಶ್ರವಣ ದೋಷವಿರುವವರಿಗೆ ಆಯಿತು. ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಸಾಧನಕ್ಕೆ ಹೊರಗಿನಿಂದ ತಂತಿ ಎಳೆದರೆ ಚರ್ಮದಲ್ಲಿ ಸದಾ ಗಾಯವೇ. ಅದರ ಬದಲು ಕಿವಿಯ ಹಿಂದೆ ಚರ್ಮದ ಹೊರಗೊಂದು ಸುರುಳಿ, ಒಳಗೊಂದು ಸುರುಳಿ ಇಟ್ಟು, ಶಕ್ತಿಯನ್ನೂ ಶಬ್ದದ ಸಂಕೇತವನ್ನೂ ದಾಟಿಸುತ್ತಾರೆ. ಹುಟ್ಟಿನಿಂದ ಕಿವಿ ಕೇಳಿಸದ ಮಗು ತಾಯಿಯ ದನಿಗೆ ತಿರುಗಿ ನೋಡುವ ಗಳಿಗೆಯಲ್ಲಿ ಫ್ಯಾರಡೆಯ ಪಾಲೂ ಇದೆ.

ಮನೆಯ ಸಾಮಾನುಗಳ ವಿಷಯದಲ್ಲಿ ಆಸೆ ಮತ್ತೆ ಚಿಗುರಿದ್ದು ಈ ಶತಮಾನದಲ್ಲಿ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಮಾರಿನ್ ಸೋಲ್ಯಾಚಿಚ್ ಅವರನ್ನು, ಚಾರ್ಜಿಗೆ ಹಾಕಲು ಮರೆತ ಫೋನು ಅಪರಾತ್ರಿಯಲ್ಲಿ ಕೀಚುಗುಟ್ಟಿ ಎಬ್ಬಿಸುತ್ತಿತ್ತಂತೆ. ಇದು ತನ್ನಷ್ಟಕ್ಕೆ ತಾನೇ ಚಾರ್ಜ್ ಆಗಬಾರದೆ ಎಂದು ಅವರು ಯೋಚಿಸಿದರು. ಟೆಸ್ಲಾನಂತೆ ಅವರೂ ಕ್ರೊಯೇಷಿಯಾ ಮೂಲದವರೆಂಬುದು ಸ್ವಾರಸ್ಯದ ಸಂಗತಿ. 2007ರಲ್ಲಿ ಅವರೂ ಅವರ ಸಂಗಡಿಗರೂ, ಒಂದೇ ಶ್ರುತಿಗೆ ಕೂಡಿಸಿದ ಎರಡು ದೊಡ್ಡ ಸುರುಳಿಗಳ ನಡುವೆ ಎರಡು ಮೀಟರು ದೂರಕ್ಕೆ ಶಕ್ತಿ ದಾಟಿಸಿ 60 ವಾಟಿನ ಬಲ್ಬನ್ನು ಬೆಳಗಿಸಿದರು. ಒಂದು ತಂಬೂರಿಯ ತಂತಿ ಮೀಟಿದರೆ ಪಕ್ಕದ ತಂಬೂರಿಯಲ್ಲಿ ಅದೇ ಶ್ರುತಿಯ ತಂತಿ ಮಿಡಿಯುವುದಿಲ್ಲವೆ? ಆ ತತ್ತ್ವವೇ ಇಲ್ಲಿಯೂ. ಆದರೆ ಹೊರಟ ಶಕ್ತಿಯಲ್ಲಿ ಬಂದು ಮುಟ್ಟಿದ್ದು ನೂರಕ್ಕೆ ಸುಮಾರು 40 ಪಾಲು ಮಾತ್ರ. ಉಳಿದ 60 ಪಾಲು ದಾರಿಯ ಸುಂಕ.

ಅಂಗಡಿಗೆ ಬಂದ ಸರಕು ಇಷ್ಟು ದೂರದ ಆಸೆಯನ್ನೂ ಕೈಬಿಟ್ಟಿತು. 2008ರಲ್ಲಿ ಹಲವು ಕಂಪೆನಿಗಳು ಒಂದು ಒಕ್ಕೂಟ ಕಟ್ಟಿಕೊಂಡು, 2010ರಲ್ಲಿ ‘ಚೀ’ ಎಂಬ ಮಾನಕವನ್ನು ಹೊರತಂದುವು. ಚೀನೀ ಭಾಷೆಯಲ್ಲಿ ಆ ಪದಕ್ಕೆ ಪ್ರಾಣಶಕ್ತಿ ಎಂದರ್ಥ. ಮೊದಲಿಗೆ ಅದು ಒದಗಿಸಿದ ಶಕ್ತಿ 5 ವಾಟ್. ದೂರ ಕೆಲವೇ ಮಿಲಿಮೀಟರು! ಪ್ರತಿಸ್ಪರ್ಧಿ ಒಕ್ಕೂಟಗಳೂ ಹುಟ್ಟಿ ಕೆಲವು ವರ್ಷ ಜಗ್ಗಾಟ ನಡೆಯಿತು. 2017ರಲ್ಲಿ ಆ್ಯಪಲ್ ಕಂಪೆನಿಯೂ ‘ಚೀ’ಯನ್ನು ಒಪ್ಪಿದ ಮೇಲೆ ಅದು ನಿಂತಿತು. ಆ ಕಂಪೆನಿ ಅದೇ ವರ್ಷ, ಮೂರು ಸಾಧನಗಳನ್ನು ಹೇಗೆ ಬೇಕೆಂದರೆ ಹಾಗೆ ಎಸೆದರೂ ಚಾರ್ಜ್ ಮಾಡುವ ಹಾಸನ್ನು ತರುತ್ತೇವೆಂದು ಸಾರಿತು. 2019ರ ಮಾರ್ಚಿನಲ್ಲಿ, ತಮ್ಮ ಮಟ್ಟಕ್ಕೆ ಅದು ಬರಲಿಲ್ಲವೆಂದು ಯೋಜನೆಯನ್ನೇ ಕೈಬಿಟ್ಟಿತು. 2023ರಲ್ಲಿ ಬಂದ ‘ಚೀ-2’ರಲ್ಲಿ ಫೋನು ಸರಿಯಾದ ಜಾಗದಲ್ಲಿ ಕೂರಲೆಂದು ಅಯಸ್ಕಾಂತಗಳನ್ನೇ ಇಟ್ಟರು. ಮುಟ್ಟದೆ ಕೊಡುವ ವಿದ್ಯೆ ಹೀಗೆ ಅಂಟಿಕೊಂಡು ಕೊಡುವ ವಿದ್ಯೆಯಾಯಿತು.

ನನ್ನ ಓದುವ ಮೇಜಿನ ಮೇಲೂ ಅಂಥ ತಟ್ಟೆಯೊಂದಿದೆ; ಮೊಮ್ಮಗಳು ತಂದಿಟ್ಟದ್ದು. ಅದರ ಗುಣವನ್ನು ನಾನು ಅಲ್ಲಗಳೆಯಲಾರೆ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ, ಆ ಸೂಕ್ಷ್ಮವಾದ ಪಿನ್ನನ್ನು ಅದರ ಕಂಡಿಗೆ ತೂರಿಸುವುದು ಸೂಜಿಗೆ ದಾರ ಪೋಣಿಸಿದಷ್ಟೇ ಕಷ್ಟ. ಪದೇ ಪದೇ ಚುಚ್ಚಿ ತೆಗೆದು ಕಂಡಿ ಸಡಿಲವಾಗುವ ಭಯವಿಲ್ಲ. ನಾಳೆ ಅಡುಗೆಮನೆಯ ಒದ್ದೆ ಕಟ್ಟೆಯ ಮೇಲೆ ತಂತಿಯಿಲ್ಲದೆ ಮಿಕ್ಸಿ ತಿರುಗುವುದೂ ಅಸಾಧ್ಯವಲ್ಲ. 2,200 ವಾಟಿನವರೆಗೆ ಶಕ್ತಿ ಕೊಡುವ ಅಡುಗೆಮನೆಯ ಮಾನಕವೊಂದನ್ನು ಅದೇ ಒಕ್ಕೂಟ ಸಿದ್ಧಪಡಿಸಿದೆ.

ಆದರೆ ದೋಷಗಳನ್ನೂ ಹೇಳಬೇಕು. ರಾತ್ರಿ ಫೋನನ್ನು ತಟ್ಟೆಯ ಮೇಲೆ ಬೆರಳಗಲ ಓರೆಯಾಗಿಟ್ಟರೆ ಬೆಳಗ್ಗೆ ಅದು ಉಪವಾಸವೇ ಇರುತ್ತದೆ. ಸರಿಯಾಗಿಟ್ಟರೂ ಅದರ ಬೆನ್ನು ಬೆಚ್ಚಗಾಗುತ್ತದೆ. ಆ ಬಿಸಿಯೇ ಫೋನು ಸೇರದೆ ಸೋರಿಹೋದ ವಿದ್ಯುತ್ತು. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಕಾದಷ್ಟೂ ಬೇಗ ಮುದಿಯಾಗುತ್ತದೆ. ನಡುವೆ ನಾಣ್ಯವೋ ಕೀಲಿಯೋ ಸಿಕ್ಕಿದರೆ ಅದೂ ಕಾಯುತ್ತದೆ; ಒಳ್ಳೆಯ ತಟ್ಟೆಗಳು ಅದನ್ನು ಗುರುತಿಸಿ ನಿಲ್ಲುತ್ತವೆ, ಅಗ್ಗದವುಗಳನ್ನು ನಂಬಲಾಗದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇವನ್ನು ದೂರವಿಡಬೇಕೆಂದು ತಯಾರಕರೇ ಎಚ್ಚರಿಸುತ್ತಾರೆ. ಚಾರ್ಜ್ ಆಗುತ್ತಿರುವ ಫೋನನ್ನು ಕೈಗೆತ್ತಿಕೊಂಡರೆ ಚಾರ್ಜ್ ನಿಂತಿತು. ತಂತಿಯಾದರೆ ಜೊತೆಗೆ ಬರುತ್ತಿತ್ತು.

ಖರ್ಚಿನ ಲೆಕ್ಕವನ್ನೂ ಮಾಡೋಣ. ಇಂದಿನ ಸಾಮಾನ್ಯ ಫೋನಿನ 5,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಗಂಟೆಗಳ ಶಕ್ತಿ ಹಿಡಿಯುತ್ತದೆ. ದಿನಕ್ಕೊಮ್ಮೆ ಬರಿದುಮಾಡಿ ತುಂಬಿದರೂ ವರ್ಷಕ್ಕೆ ಏಳು ಯೂನಿಟ್ಟು. ತಟ್ಟೆ ಇದರ ಮೂರರಲ್ಲೊಂದು ಪಾಲನ್ನು ಹೆಚ್ಚಾಗಿ ಕುಡಿಯುತ್ತದೆಂದು ಹಿಡಿದರೆ, ಎರಡು ಯೂನಿಟ್ಟಿಗೆ ಸ್ವಲ್ಪ ಮೇಲೆ. ಒಂದು ಮನೆಯ ಬಿಲ್ಲಿನಲ್ಲಿ ಇದು ಕಣ್ಣಿಗೇ ಬೀಳದು. ಆದರೆ ಹತ್ತು ಕೋಟಿ ಫೋನುಗಳು ಹೀಗೆಯೇ ಮಲಗಿದರೆ ವರ್ಷಕ್ಕೆ ಇಪ್ಪತ್ತು ಕೋಟಿ ಯೂನಿಟ್ಟಿಗೂ ಮಿಕ್ಕಿ ಬರಿಯ ಬಿಸಿಯಾಗಿ ಹೋಗುತ್ತದೆ. ಅದನ್ನು ಉತ್ಪಾದಿಸಲು ಎಲ್ಲಿಯೋ ಕಲ್ಲಿದ್ದಲು ಉರಿಯಬೇಕು, ಇಲ್ಲವೆ ಎಲ್ಲಿಯೋ ನದಿಗೆ ಅಡ್ಡ ಕಟ್ಟಬೇಕು. ಕೋಲಾರಕ್ಕೆ ತಂತಿ ಹೋದಾಗ ಅದರ ಕೆಳಗಿನ ಎಷ್ಟೋ ಹಳ್ಳಿಗಳು ಬಹುಕಾಲ ಕತ್ತಲಲ್ಲೇ ಇದ್ದುವು. ನಾಲೆಯ ಮೇಲುಭಾಗದವರು ನೀರನ್ನು ಸೋರಬಿಟ್ಟರೆ ಬಾಧೆಪಡುವವನು ಕೊನೆಯ ಗದ್ದೆಯವನು. ವಿದ್ಯುತ್ತಿನಲ್ಲಿಯೂ ಇದೇ ನ್ಯಾಯ.

ಇಷ್ಟಾದ ಮೇಲೂ ತಂತಿ ಹೋಯಿತೆ? ತಟ್ಟೆಯನ್ನು ಎತ್ತಿ ನೋಡಿದರೆ ಅದಕ್ಕೂ ಒಂದು ಬಾಲವಿದೆ. ಆ ಬಾಲ ಗೋಡೆಗೆ, ಗೋಡೆ ಕಂಬಕ್ಕೆ, ಕಂಬದ ಸಾಲು ಶಿವನಸಮುದ್ರದಂಥ ವಿದ್ಯುದಾಗಾರಗಳಿಗೆ ಸೇರುತ್ತವೆ. ಟೆಸ್ಲಾ ಭೂಮಂಡಲವನ್ನೇ ತಂತಿಯಿಂದ ಬಿಡಿಸಲು ಹೊರಟನು. ನಮಗೆ ದಕ್ಕಿರುವುದು ಕೊನೆಯ ಒಂದು ಅಂಗುಲದ ಬಿಡುಗಡೆ. ಆ ಅಂಗುಲದಲ್ಲಿ ನೀರಿದ್ದರೆ, ಚರ್ಮವಿದ್ದರೆ, ನಡುಗುವ ಕೈಯಿದ್ದರೆ ಎಷ್ಟು ಸುಂಕ ತೆತ್ತರೂ ಅನ್ಯಾಯವಲ್ಲ. ಅಲ್ಲಿ ಇರುವುದು ನಮ್ಮ ಸೋಮಾರಿತನ ಮಾತ್ರವಾದರೆ, ಒಂದು ತಂತಿಯನ್ನು ಚುಚ್ಚುವ ಶ್ರಮ ಅಷ್ಟೇನೂ ದೊಡ್ಡದಲ್ಲ.