ಕಾಶಿಯ ಎಂಜಲೆಲೆ, ವೈಕಂನ ರಸ್ತೆ

ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಹೋದರೆ ಅತ್ತಿಬೆಲೆ ಆಚೆ ತಮಿಳುನಾಡು. ಪೆರಿಯಾರ್ ಆ ಕಡೆಯವರು, ನಮಗೇನು ಸಂಬಂಧ ಅಂತ ನಮ್ಮ ಹುಡುಗರೇ ಕೇಳ್ತಾರೆ. 1879ರಲ್ಲಿ ಈರೋಡಿನಲ್ಲಿ ಅವರು ಹುಟ್ಟಿದ ಮನೆಯ ಮಾತು ಕನ್ನಡ ಕಣ್ರಪ್ಪಾ!

ವೈಷ್ಣವ ಭಕ್ತಿಯ ವ್ಯಾಪಾರಿ ಕುಟುಂಬ. 1904ರಲ್ಲಿ ರಾಮಸಾಮಿ ಮನೆ ಬಿಟ್ಟು ಕಾಶಿಗೆ ಹೋದರು. ಛತ್ರದಲ್ಲಿ ಊಟ ಬ್ರಾಹ್ಮಣರಿಗೆ ಮಾತ್ರ. ಹಸಿವು ತಾಳಲಾರದೆ ಬೀದಿಗೆ ಬಿಸಾಡಿದ ಎಂಜಲೆಲೆಯಲ್ಲಿ ಉಂಡರು. ಆ ಛತ್ರ ಕಟ್ಟಿಸಿದವನು ದಕ್ಷಿಣದ ಬ್ರಾಹ್ಮಣೇತರ ವರ್ತಕ ಅಂತ ಗೋಡೆ ಮೇಲೇ ಬರೆದಿತ್ತು ಎನ್ನುತ್ತವೆ ಅವರ ಜೀವನಚರಿತ್ರೆಗಳು.

ಆದರೆ ಕಾಶಿಯಿಂದ ಬಂದ ದಿನವೇ ಅವರು ನಾಸ್ತಿಕರಾಗಲಿಲ್ಲ. ಇದನ್ನ ನಮ್ಮ ಭಾಷಣಕಾರರು ಹಾರಿಸಿಬಿಡ್ತಾರೆ. ಈರೋಡಿನ ದೇವಸ್ಥಾನ ಸಮಿತಿಯ ಅಧ್ಯಕ್ಷರಾಗಿದ್ದರು. ಕಾಂಗ್ರೆಸ್ ಸೇರಿ ಖಾದಿ ಹೊತ್ತು ಮಾರಿದರು. 1924ರಲ್ಲಿ ವೈಕಂ. ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ಈಳವರು, ಪುಲಯರು ನಡೆಯುವಂತಿಲ್ಲ. ಗುಡಿಯೊಳಗೆ ಹೋಗೋದಲ್ಲ, ಬರೀ ರಸ್ತೆಯಲ್ಲಿ ನಡೆಯೋದು! ಅದಕ್ಕೆ ಪೆರಿಯಾರ್ ಎರಡು ಸಲ ಜೈಲಿಗೆ ಹೋದರು. ಕೊನೆಗೆ ಮೂರು ರಸ್ತೆ ತೆರೆದವು, ಪೂರ್ವದ್ದು ತೆರೆಯಲಿಲ್ಲ. 1925ರಲ್ಲಿ ಕಾಂಗ್ರೆಸ್ಸನ್ನೂ ಬಿಟ್ಟರು. ದೇವರಿಲ್ಲ ಎಂಬ ಮಾತನ್ನು ಊರೂರಲ್ಲಿ ನಿಂತು ಹೇಳಿದ್ದು ಅಲ್ಲಿಂದೀಚೆಗೆ. ಕಾಶಿಯಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷದ ಮೇಲಾಯ್ತು.

ಪೆರಿಯಾರ್ ದಲಿತರಲ್ಲ, ಅವರ ಮನೆಯಲ್ಲಿ ಅನ್ನಕ್ಕೆ ಬರವಿರಲಿಲ್ಲ. ಅವರಿಗೇ ಅಷ್ಟು ಕಾಲ ಹಿಡೀತು. ಅವ್ವ ಇನ್ನೂ ಮಾರಮ್ಮನಿಗೆ ಮಡಿಲಕ್ಕಿ ಕಟ್ತಾಳೆ ಅಂತ ಫೋಟೋ ಹಾಕಿ ನಗುವ ತಮ್ಮಂದಿರೇ, ಸ್ವಲ್ಪ ತಡೀರಿ. ಊರಿನ ದೇವಸ್ಥಾನ ಅವಳನ್ನು ಹೊರಗೆ ನಿಲ್ಲಿಸಿತ್ತು, ಕೇರಿಯ ಮಾರಮ್ಮ ನಿಲ್ಲಿಸಿರಲಿಲ್ಲ. ಅವಳ ಹತ್ತಿರ ಮಾತಾಡುವುದಾದರೆ ಅಲ್ಲಿಂದ ಶುರು ಮಾಡಿ.