ಕಡತ ತೆಗೆದವರು ಯಾರು? ಕಪ್ಪು ಬಟ್ಟೆಯಿಂದ ಐಸ್ಕಸಿವರೆಗೆ

1/6
ಮೊದಲು ನನ್ನ ಮಾನ ಹೋದ ಕಥೆ, ಆಮೇಲೆ ಇತಿಹಾಸ. 🙈

ಕಾಲೇಜು ಮುಗಿಸ್ಕೊಂಡು ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದ ಒಬ್ಬ ಆಡಿಟರ್ ಆಫೀಸಿಗೆ ಪಾರ್ಟ್‌ಟೈಮ್ ಹೋಗ್ತಿದ್ದೆ. ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋ ವಾರ. ಕ್ಲೈಂಟ್‌ಗಳ ಟ್ಯಾಲಿ ಡೇಟಾ ಎಲ್ಲ ಮೂಲೆಯಲ್ಲಿದ್ದ ಒಂದು ಸ್ಟೋರೇಜ್ ಬಾಕ್ಸ್‌ನಲ್ಲಿ. ಅದು ಸೀನಿಯರ್ ಅಕ್ಕನ ಕಂಪ್ಯೂಟರ್‌ಗೆ ನೆಟ್‌ವರ್ಕ್ ಮೂಲಕವೇ ಒಂದು ಡಿಸ್ಕ್ ಥರ ಸೇರಿಕೊಂಡಿತ್ತು. ನನ್ನ ಸಿಸ್ಟಮ್‌ನಲ್ಲೂ ಇದ್ರೆ ಕೆಲಸ ಬೇಗ ಆಗುತ್ತೆ ಅಂತ ಬಾಕ್ಸ್‌ನ ಐಪಿ ವಿಳಾಸ ಹಾಕಿ ಕನೆಕ್ಟ್ ಒತ್ತಿದೆ. ಬಂದೇ ಬಿಡ್ತು. ಪಾಸ್‌ವರ್ಡ್ ಕೇಳಲಿಲ್ಲ, ಹೆಸರು ಕೇಳಲಿಲ್ಲ, ಏನೂ ಇಲ್ಲ.

ಸಂಜೆ ಹೊತ್ತಿಗೆ ಅರ್ಧ ಫೋಲ್ಡರ್ ತೆರೀತಾನೇ ಇಲ್ಲ.

ಆಗಿದ್ದು ಇಷ್ಟು: ಅದು ಹಂಚಿಕೊಳ್ಳೋ ಫೋಲ್ಡರ್ ಅಲ್ಲ, ಡಿಸ್ಕ್. ಎರಡು ಕಂಪ್ಯೂಟರ್ ಎರಡೂ "ಇದು ನನ್ನೊಬ್ಬನದೇ" ಅಂದ್ಕೊಂಡು ಬರೆದವು. ಒಂದೇ ಲೆಡ್ಜರ್‌ನ ಒಂದೇ ಪುಟದ ಮೇಲೆ ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಬರೆದ ಹಾಗೆ. ಹಿಂದಿನ ದಿನದ ಬ್ಯಾಕಪ್ ಇತ್ತು, ಬಚಾವ್. ಒಂದಿಡೀ ದಿನದ ಎಂಟ್ರಿ ಮತ್ತೆ ಹೊಡೆದ್ವಿ.

ಆದ್ರೆ ನನಗೆ ಇವತ್ತಿಗೂ ಚುಚ್ಚೋದು ಅದಲ್ಲ. ಸರ್ ಬಂದು "ಯಾರು ಮುಟ್ಟಿದ್ದು?" ಅಂದಾಗ ಎಲ್ಲರೂ ಸುಮ್ಮನಿದ್ರು. ನಾನೂ. ಕಣ್ಣೆಲ್ಲ ಹೋಗಿದ್ದು ಟೀ ತಂದುಕೊಡೋ, ಜೆರಾಕ್ಸ್ ಮಾಡೋ ಅಣ್ಣನ ಮೇಲೆ. ಮಾರನೇ ದಿನ ಬೆಳಿಗ್ಗೆ ಹೋಗಿ ನಾನೇ ಅಂತ ಒಪ್ಕೊಂಡೆ. ಆದ್ರೆ ಆ ಒಂದು ರಾತ್ರಿ ಅವರು ಕಳ್ಳ ಆಗಿದ್ರು.

ಬೀಗ ಇಲ್ಲದ ಕಡೆ ಅನುಮಾನ ಯಾವಾಗಲೂ ಕೆಳಗಿರೋರ ಮೇಲೇ ಬೀಳುತ್ತೆ. ಈ ಸರಣಿ ಅದರ ಬಗ್ಗೆ.

2/6
"ಕಡತ" ಅಂದ್ರೆ ಈಗ ಆಫೀಸ್ ಫೈಲ್. ಕಂಪ್ಯೂಟರ್ ಫೈಲ್‌ಗೂ ಕನ್ನಡದಲ್ಲಿ ಅದೇ ಪದ. ಆದ್ರೆ ನಿಜವಾದ ಕಡತ ಏನು ಗೊತ್ತಾ?

ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಚಿ ಮಡಚಿ ಇಟ್ಟ ಕಪ್ಪು ಪುಸ್ತಕ. ಬರೆಯೋದು ಬಳಪದಲ್ಲಿ. ನಮ್ಮ ಶಾನುಭೋಗರು, ವ್ಯಾಪಾರಿಗಳು ಲೆಕ್ಕ ಇಡ್ತಿದ್ದದ್ದು ಇದರಲ್ಲೇ. ಶೃಂಗೇರಿ ಮಠದ ಹಳೇ ಕಡತಗಳು ಇಂದಿಗೂ ಉಳಿದಿವೆ.

ಇದರ ಅನುಕೂಲ, ಅಪಾಯ ಎರಡೂ ಒಂದೇ: ಅಳಿಸಿ ಮತ್ತೆ ಬರೆಯಬಹುದು. ಹಾಗಾದ್ರೆ ಯಾರು ಬರೆದದ್ದು, ಯಾರು ತಿದ್ದಿದ್ದು ಅಂತ ಗೊತ್ತಾಗೋದು ಹೇಗೆ? ಆಗಿನ ಉತ್ತರ ಸುಲಭ. ಕಡತ ಶಾನುಭೋಗರ ಮನೆಯಲ್ಲಿರುತ್ತೆ, ಬೇರೆಯವರ ಕೈಗೆ ಸಿಗಲ್ಲ. ಅಪ್ಪನಿಂದ ಮಗನಿಗೆ ಬರೋ ಹುದ್ದೆ. ಊರಿಗೆಲ್ಲ ಮುಖ ಗೊತ್ತು, ಅಕ್ಷರ ಗೊತ್ತು. ಜಾಗವೇ ಬೀಗ, ಮುಖವೇ ಪಾಸ್‌ವರ್ಡ್.

ವಂಶಪಾರಂಪರ್ಯದ ಈ ಹುದ್ದೆಗಳನ್ನ 1961ರ ಕಾಯ್ದೆ ರದ್ದು ಮಾಡ್ತು. ಅದು ಜಾರಿಗೆ ಬಂದಿದ್ದು 1963ರ ಫೆಬ್ರವರಿ 1ಕ್ಕೆ. ಆಮೇಲೆ ಸಂಬಳಕ್ಕಿರೋ ಗ್ರಾಮ ಲೆಕ್ಕಿಗರು ಬಂದ್ರು. ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳೀತು. "ಪಹಣಿಗೋಸ್ಕರ ಅವರನ್ನ ಹುಡುಕ್ಕೊಂಡು ಅಲೆಯೋದೇ ಒಂದು ಕೆಲಸ ಆಗಿತ್ತು ಕಣೋ" ಅಂತಾರೆ ನಮ್ಮಜ್ಜಿ.

3/6
ಈಗ ಭೂಮಿ ಯೋಜನೆ. ಪಹಣಿ ತಗೊಳ್ಳೋಕೆ ಹೋಗಿದ್ರೆ ಈ ಹೆಸರು ನೀವು ನೋಡೇ ಇರ್ತೀರ.

2000ದ ಆಸುಪಾಸಲ್ಲಿ ಕರ್ನಾಟಕ ಸರ್ಕಾರ ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ರ ಇದ್ದ ಕೈಬರಹದ ದಾಖಲೆಗಳನ್ನ ಕಂಪ್ಯೂಟರ್‌ಗೆ ಹಾಕ್ತು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು, 177 ತಾಲೂಕು ಕೇಂದ್ರಗಳು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ, ಮುಂದೆ ನಿಂತು ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಆಗ ₹15 ಕೊಟ್ರೆ ಕೌಂಟರ್‌ನಲ್ಲೇ ಪಹಣಿ ಪ್ರಿಂಟ್ ಸಿಗ್ತಿತ್ತು.

ಎಲ್ಲರೂ ಹೇಳೋದು ಈ ಕೌಂಟರ್ ಕಥೆ. ನನಗೆ ಇಷ್ಟ ಆಗೋದು ಕೌಂಟರ್‌ನ ಒಳಗಡೆ ಇದ್ದದ್ದು: ದಾಖಲೆ ತಿದ್ದೋ ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು.

ಯಾಕೆ ಪಾಸ್‌ವರ್ಡ್ ಸಾಲಲಿಲ್ಲ? ಪಾಸ್‌ವರ್ಡ್ ಆದ್ರೆ "ನಾನಲ್ಲ ಸಾರ್, ಯಾರೋ ನನ್ನ ಪಾಸ್‌ವರ್ಡ್ ಹಾಕಿದ್ದಾರೆ" ಅನ್ನಬಹುದು. ಬೆರಳನ್ನ ಹಾಗೆ ಇನ್ನೊಬ್ಬರಿಗೆ ಕೊಟ್ಟು ಹೋಗೋಕಾಗಲ್ಲ. ಖಾತೆ ಬದಲಾವಣೆಗೆ ಒಪ್ಪಿಗೆ ಕೊಟ್ಟವರು ಯಾರು ಅಂತ ಕಂಪ್ಯೂಟರ್‌ನಲ್ಲೇ ಉಳಿಯುತ್ತೆ. ಇದರಿಂದ ಲಂಚ ಪೂರ್ತಿ ನಿಂತುಹೋಯ್ತು ಅಂತ ನಾನು ಹೇಳ್ತಿಲ್ಲ. ಆದ್ರೆ "ಯಾರು ಮುಟ್ಟಿದ್ದು?" ಅಂದ್ರೆ ಉತ್ತರ ಸಿಗೋ ಹಾಗಾಯ್ತು.

4/6
ಅದೇ ಹೊತ್ತಲ್ಲಿ ಜಗತ್ತಿನ ಇನ್ನೊಂದು ಕಡೆ ಡಿಸ್ಕ್‌ಗಳ ಕಥೆ ನಡೀತಿತ್ತು.

ಸ್ಕಸಿ ಅನ್ನೋದು 1986ರಲ್ಲಿ ಸ್ಟ್ಯಾಂಡರ್ಡ್ ಆದ ಡಿಸ್ಕ್ ಕೇಬಲ್ ಭಾಷೆ. ಡಿಸ್ಕ್ ಕಂಪ್ಯೂಟರ್ ಪಕ್ಕದಲ್ಲೇ. ಕೇಬಲ್ ಯಾರ ಹತ್ರ ಇದೆಯೋ ಅವರೇ ಯಜಮಾನ. ಥೇಟ್ ಶಾನುಭೋಗರ ಮನೆ: ಜಾಗವೇ ಬೀಗ.

2004ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 3720 ಬಂತು. ಹೆಸರು ಐಸ್ಕಸಿ. ಅದೇ ಸ್ಕಸಿ ಮಾತನ್ನ ಸಾಮಾನ್ಯ ನೆಟ್‌ವರ್ಕ್ ತಂತಿಯಲ್ಲಿ ಕಳಿಸೋದು. ದುಬಾರಿ ಫೈಬರ್ ಚಾನೆಲ್ ಬೇಡ, ಮಾಮೂಲಿ ಸ್ವಿಚ್ ಸಾಕು. ಹಾಗಾಗಿಯೇ ನಮ್ಮಂಥ ಚಿಕ್ಕ ಆಫೀಸ್‌ಗೂ ಅದು ಬಂತು.

ಆದ್ರೆ ಡಿಸ್ಕ್ ಮನೆ ಬಿಟ್ಟು ಬೀದಿಗೆ ಬಂದ ಮೇಲೆ ಜಾಗ ಬೀಗ ಆಗಲ್ಲ ಅಲ್ವಾ? ಐಸ್ಕಸಿಯಲ್ಲಿ ಪ್ರತಿ ಕಂಪ್ಯೂಟರ್‌ಗೂ ಐಕ್ಯೂಎನ್ ಅಂತ ಉದ್ದ ಹೆಸರು ಇರುತ್ತೆ. "ಈ ಹೆಸರಿನವರಿಗೆ ಮಾತ್ರ ಬಿಡು" ಅಂತ ಹೇಳಬಹುದು. ಆದ್ರೆ ಆ ಹೆಸರನ್ನ ಸೆಟ್ಟಿಂಗ್ಸ್‌ಗೆ ಹೋಗಿ ಯಾರು ಬೇಕಾದ್ರೂ ಬದಲಾಯಿಸಬಹುದು. ಬಾಗಿಲಲ್ಲಿ ನಿಂತು "ನಾನು ಶಾನುಭೋಗರ ಮಗ" ಅಂದ ತಕ್ಷಣ ಕಡತ ಕೊಟ್ಟ ಹಾಗೆ. ಹೆಸರು ಬೇರೆ, ಪುರಾವೆ ಬೇರೆ.

5/6
ಪುರಾವೆಗೆ ಇರೋದು ಚಾಪ್. ಇದು ಐಸ್ಕಸಿಗಿಂತ ಹಳೇದು. ಡಯಲ್‌ಅಪ್ ಥರದ ಸಂಪರ್ಕಗಳಿಗೆ ಅಂತ 1992ರಲ್ಲಿ ಬಂತು, 1996ರ ಆರ್‌ಎಫ್‌ಸಿ 1994ರಲ್ಲಿ ಪರಿಷ್ಕರಣೆ ಆಯ್ತು. (ಹೌದು, ನಂಬರ್ 1994, ವರ್ಷ 1996. ಎಕ್ಸಾಮ್‌ನಲ್ಲಿ ಬಂದಿದ್ರೆ ಎಲ್ಲರೂ ಔಟ್ 😅)

ಇದರ ಚಂದ ಏನಂದ್ರೆ ಗುಟ್ಟು ತಂತಿಯ ಮೇಲೆ ಹೋಗೋದೇ ಇಲ್ಲ. ನಮ್ಮಿಬ್ಬರ ಗುಟ್ಟು ಸಂಖ್ಯೆ 7 ಅಂತಿಟ್ಕೊಳ್ಳಿ. ನಾನು "12" ಅಂತೀನಿ, ನೀವು ಗುಣಿಸಿ "84" ಅಂತೀರ. ನೀವೇ ಅಂತ ಗೊತ್ತಾಯ್ತು, 7 ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ. ಪ್ರತಿ ಸಲ ಬೇರೆ ಸಂಖ್ಯೆ, ಹಾಗಾಗಿ ಹಳೇ ಉತ್ತರ ಕದ್ದರೂ ಪ್ರಯೋಜನ ಇಲ್ಲ. ಗುಣಾಕಾರ ಆದ್ರೆ ಭಾಗಿಸಿ ಗುಟ್ಟು ಕಂಡುಹಿಡೀಬಹುದು. ಅದಕ್ಕೇ ನಿಜವಾದ ಚಾಪ್‌ನಲ್ಲಿ ಎಂಡಿ5 ಅನ್ನೋ, ಹಿಂದಕ್ಕೆ ಬಿಡಿಸೋಕೆ ಕಷ್ಟವಾದ ಲೆಕ್ಕ ಇರುತ್ತೆ.

ಕದ್ದು ಕೇಳೋನು ಪದಗಳನ್ನ ಒಂದೊಂದಾಗಿ ಊಹಿಸಿ ನೋಡಬಹುದು, ಆದ್ದರಿಂದ ಗುಟ್ಟು ಉದ್ದ ಇರಬೇಕು. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 12ರಿಂದ 16 ಅಕ್ಷರ ಕೇಳುತ್ತೆ. ಮ್ಯೂಚುವಲ್ ಚಾಪ್ ಹಾಕಿದ್ರೆ ಕಂಪ್ಯೂಟರ್ ಕೂಡ ಬಾಕ್ಸ್‌ನ "ನೀನು ಯಾರು?" ಅಂತ ವಾಪಸ್ ಕೇಳುತ್ತೆ. ಆಗ ಎರಡು ಗುಟ್ಟೂ ಬೇರೆ ಬೇರೆ ಇರಬೇಕು.

ಒಂದು ಎಚ್ಚರಿಕೆ: ಚಾಪ್ ಬಾಗಿಲಲ್ಲಿ ಕೇಳುತ್ತೆ ಅಷ್ಟೇ. ಒಳಗೆ ಹರಿಯೋ ಡೇಟಾನ ಮುಚ್ಚಿಡಲ್ಲ. ಅದಕ್ಕೆ ಸ್ಟೋರೇಜ್‌ಗೆ ಪ್ರತ್ಯೇಕ ನೆಟ್‌ವರ್ಕ್, ಅಥವಾ ಐಪಿಸೆಕ್ ಬೇಕು.

6/6
ತಮಾಷೆ ಅಂದ್ರೆ, ಐಸ್ಕಸಿ ಮಾಡೋರು ಚಾಪ್ ಇಡಲೇಬೇಕು ಅಂತ 2004ರಲ್ಲೇ ಬರೆದಿದ್ರು. ಬಳಸಲೇಬೇಕು ಅಂತ ಮಾತ್ರ ಬರೆದಿರಲಿಲ್ಲ. ಪರಿಣಾಮ? 2019ರಲ್ಲಿ ಇಂಟರ್ನೆಟ್‌ನಲ್ಲಿ ಪಾಸ್‌ವರ್ಡೇ ಇಲ್ಲದೆ ತೆರೆದುಕೊಂಡಿದ್ದ 13,000ಕ್ಕೂ ಹೆಚ್ಚು ಐಸ್ಕಸಿ ಸ್ಟೋರೇಜ್‌ಗಳು ಪತ್ತೆಯಾದವು. ಬಾಗಿಲಿಗೆ ಬೀಗ ಇತ್ತು, ಹಾಕಿರಲಿಲ್ಲ.

ನಮ್ಮ ಆಫೀಸಲ್ಲೂ ಆಗಿದ್ದು ಅದೇ. ಮುಂದಿನ ಶನಿವಾರ ಸರ್ ಎದುರಲ್ಲೇ ಕೂತು ಚಾಪ್ ಆನ್ ಮಾಡಿದ್ವಿ. ಡಿಸ್ಕ್ ಅಕ್ಕನ ಸಿಸ್ಟಮ್‌ಗೆ ಮಾತ್ರ, ಬೇರೆಯವರಿಗೆ ಅಲ್ಲಿಂದ ಹಂಚಿಕೊಂಡ ಫೋಲ್ಡರ್, ಪ್ರತಿಯೊಬ್ಬರಿಗೂ ಅವರವರ ಲಾಗಿನ್. ಗುಟ್ಟನ್ನ ಮಾನಿಟರ್ ಮೇಲೆ ಚೀಟಿ ಅಂಟಿಸಿ ಬರೆಯೋ ಹಾಗಿಲ್ಲ ಅಂತ ರೂಲ್.

ನಾವು ಬಿಕಾಂ ಓದೋರು ಆಡಿಟಿಂಗ್ ಪೇಪರ್‌ನಲ್ಲಿ "ಇಂಟರ್ನಲ್ ಕಂಟ್ರೋಲ್" ಅಂತ 10 ಮಾರ್ಕ್ಸ್‌ಗೆ ಬರೀತೀವಿ. ಲಾಗಿನ್ ಇರೋದು ಕಳ್ಳರನ್ನ ತಡೆಯೋಕೆ ಅಂತ ನಾನೂ ಅಂದ್ಕೊಂಡಿದ್ದೆ. ಅರ್ಧ ನಿಜ. ಇನ್ನರ್ಧ, ತಪ್ಪು ಮಾಡದವರನ್ನ ಕಾಪಾಡೋಕೆ.

ಆ ಅಣ್ಣನ ಹತ್ರ ಕ್ಷಮೆ ಕೇಳಿದೆ. "ಬಿಡು ಮಗ, ಟೀ ಕುಡಿ" ಅಂದ್ರು. ಆ ಟೀ ಇನ್ನೂ ಗಂಟಲಲ್ಲೇ ಇದೆ.

ನಿಮ್ಮನೇಲಿ ಹಳೇ ಕಡತ, ಕೈಬರಹದ ಪಹಣಿ ಏನಾದ್ರೂ ಇದ್ರೆ ಫೋಟೋ ತೆಗೆದು ಡಿಎಂ ಮಾಡ್ರಪ್ಪಾ. ಸರ್ವೆ ನಂಬರ್, ಹೆಸರು ಮುಚ್ಚಿ ಕಳಿಸಿ, ಇಷ್ಟು ಓದಿದ ಮೇಲೆ ಅಷ್ಟಾದ್ರೂ ಮಾಡಿ 🙏

#ಕಡತ #ಭೂಮಿ #ಐಸ್ಕಸಿ #ಬಿಕಾಂಹುಡುಗರು #ಪಶ್ಚಿಮಬೆಂಗಳೂರು